ಕಾಲರಿನ ಒಳಗಿನ ಚೀಟಿ

ಮರಿ,

ನೀನು ಇ-ಬೇನಲ್ಲಿ ಮಾರೋಕೆ ಹಾಕಿರೋ ಕೋಟಿನ ಫೋಟೋಗಳು ಬಂದವು. ಅದು ಆ ಹಳೇ ಟೀವಿ ಧಾರಾವಾಹಿಯ ಅಸಲಿ ಕೋಟೇ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಮುಂದೆ, ಹಿಂದೆ, ತೋಳು, ಗುಂಡಿ, ಒಳಜೇಬು ಎಲ್ಲವನ್ನೂ ಬೆಳಕಿಗೆ ಹಿಡಿದು ತೆಗೆದಿದ್ದೀಯ. ಕಾಲರಿನ ಒಳಗೆ ಹೊಲಿದಿರೋ ಚೀಟಿ ಮಾತ್ರ ಅರ್ಧ ಮಡಚಿಕೊಂಡಿದೆ. ಬೇಕಂತಲೇ ಮಡಚಿದೆಯೋ, ತಾನಾಗಿ ಮಡಚಿಕೊಂಡಿತೋ ನಾನು ಕೇಳೋಲ್ಲ. ಇಡೀ ಕೋಟಿನಲ್ಲಿ ನಾನು ಓದಬೇಕಾಗಿರೋದು ಅದೊಂದನ್ನೇ.

ಹಾಲಿವುಡ್‌ನಲ್ಲಿ ವೇಷಭೂಷಣ ಬಾಡಿಗೆಗೆ ಕೊಡೋ ದೊಡ್ಡ ಮಳಿಗೆಗಳಿವೆ, ನಿನಗೂ ಗೊತ್ತು. 1912ರಲ್ಲಿ ಶುರುವಾದ ವೆಸ್ಟರ್ನ್ ಕಾಸ್ಟ್ಯೂಮ್ ಕಂಪನಿ ಅವುಗಳಲ್ಲಿ ಹೆಸರುವಾಸಿ. ಸಿನಿಮಾದವರೂ ಟೀವಿಯವರೂ ಇಂಥ ಕಡೆಯಿಂದ ಬಟ್ಟೆ ತಂದು, ಕೆಲಸ ಮುಗಿದ ಮೇಲೆ ವಾಪಸು ಕಳಿಸಬೇಕು. ಲೆಕ್ಕ ತಪ್ಪಬಾರದು ಅಂತಲೇ ಒಳಗೊಂದು ಬಟ್ಟೆಯ ಚೀಟಿ. ಮೇಲೆ ಮಳಿಗೆಯ ಹೆಸರು, ಕೆಳಗೆ ಒಂದು ನಂಬರು, ನಟನ ಹೆಸರು, ಎದೆಯ ಅಳತೆ. ಹಳೇ ಸಾಮಾನು ಕೂಡಿಡೋರು ಆ ಚೀಟಿ ಕಂಡರೆ ಹಿಗ್ಗುತ್ತಾರೆ, ಅಸಲಿತನಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ ಅಂತ. ಸಾಕ್ಷಿ ಹೌದು. ಆದರೆ ಅದು ಆ ಕೋಟು ಬಾಡಿಗೆಗೆ ಬಂದದ್ದು, ವಾಪಸು ಹೋಗಬೇಕಿದ್ದದ್ದು ಅನ್ನೋದಕ್ಕೂ ಸಾಕ್ಷಿ. ಹಾಗಂತ ಚೀಟಿ ಇದ್ದದ್ದೆಲ್ಲ ಕಳವಿನ ಮಾಲಲ್ಲ. ಈ ಮಳಿಗೆಗಳು ಹಳೇ ದಾಸ್ತಾನು ಮಾರಿದ್ದೂ ಉಂಟು, ಸ್ಟುಡಿಯೋಗಳೇ ಹರಾಜು ಹಾಕಿದ್ದೂ ಉಂಟು. ಆದ್ದರಿಂದ ಈಗಲೇ ಕಳ್ಳಮಾಲು ಅಂತ ತೀರ್ಮಾನ ಮಾಡಬೇಡ. ಅಲ್ಲ ಅಂತಲೂ ಮಾಡಬೇಡ.

ನೀನು ಫೋನಿನಲ್ಲಿ ಹೇಳಿದ ಮಾತು ನನಗೆ ಹಿಡಿಸಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ. "ನಲವತ್ತು ವರ್ಷದ ಮೇಲಾಯ್ತು ಮಾವ, ಇನ್ಯಾರು ಬಂದು ಕೇಳ್ತಾರೆ?" ಅಂದೆ. ಯಾರೂ ಕೇಳದೆ ಇರಬಹುದು. ಕೇಳೋರಿಲ್ಲ ಅನ್ನೋದು ನಿನ್ನ ಅದೃಷ್ಟದ ವಿಷಯ, ಅದು ಯಾರ ವಸ್ತು ಅನ್ನೋದಕ್ಕೆ ಉತ್ತರ ಅಲ್ಲ. ನೀನು ಕದ್ದಿಲ್ಲ, ಅದು ನನಗೆ ಗೊತ್ತು. ಬಾಡಿಗೆ ಕಟ್ಟದೆ ಬಿಟ್ಟುಹೋದ ಸ್ಟೋರೇಜ್ ಯೂನಿಟ್ಟನ್ನು ಹರಾಜಿನಲ್ಲಿ ದುಡ್ಡು ಕೊಟ್ಟು ಹಿಡಿದಿದ್ದೀಯ, ಅದರಲ್ಲಿ ಹಳೇ ಫ್ರಿಜ್ಜು, ಹಾಸಿಗೆ, ಕ್ರಿಸ್‌ಮಸ್ ದೀಪಗಳ ಜೊತೆ ಈ ಕೋಟೂ ಸಿಕ್ಕಿದೆ. ಅಲ್ಲಿವರೆಗೆ ನಿನ್ನ ಕೈ ಶುದ್ಧ. ಯಾವನೋ ಎಂದೋ ಮಾಡಿದ ಕೆಲಸಕ್ಕೆ ನೀನು ತಲೆ ಕೊಡಬೇಕಿಲ್ಲ. ಆದರೆ ಅನುಮಾನ ಹುಟ್ಟಿದ ಮೇಲೂ ಚೀಟಿ ಮಡಚಿ ಫೋಟೋ ಹಾಕಿದರೆ, ಅದು ಆ ಹಳೇ ಕಳ್ಳನ ಲೆಕ್ಕಕ್ಕೆ ಹೋಗೋಲ್ಲ, ನಿನ್ನ ಲೆಕ್ಕಕ್ಕೇ ಬರುತ್ತೆ.

ನಿನ್ನ ಹಾಗೇ ಸ್ಟೋರೇಜ್ ಯೂನಿಟ್ ಹಿಡಿದವರ ಕೈಗೆ ಸ್ಟಾರ್ ಟ್ರೆಕ್‌ನ ಎಂಟರ್‌ಪ್ರೈಸ್ ನೌಕೆ ಸಿಕ್ಕ ಕಥೆ ನೀನು ಮೇಲೆ ಮೇಲೆ ಕೇಳಿರಬಹುದು. ಪೂರ್ತಿ ಕೇಳು. 1964ರಲ್ಲಿ, ಧಾರಾವಾಹಿ ಇನ್ನೂ ಟೀವಿಗೆ ಬರೋ ಮುಂಚೆ, ಮರದಲ್ಲಿ ಮಾಡಿದ 33 ಇಂಚಿನ ಮಾದರಿ ಅದು. ಅದನ್ನು ನೋಡಿ ಒಪ್ಪಿದ ಮೇಲೆ 11 ಅಡಿಯ ದೊಡ್ಡದನ್ನು ಮಾಡಿಸಿದರು. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿಯಲ್ಲಿ ಶುರುವಾದ ಆ ಧಾರಾವಾಹಿ ಮೂರೇ ಸೀಸನ್ನಿಗೆ ಮುಗಿಯಿತು. ದೊಡ್ಡಣ್ಣನನ್ನು 1974ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಗೆ ಕೊಟ್ಟರು, ಇವತ್ತಿಗೂ ವಾಷಿಂಗ್ಟನ್ನಿನ ವಿಮಾನ-ಬಾಹ್ಯಾಕಾಶ ಮ್ಯೂಸಿಯಮ್ಮಿನ ಆಸ್ತಿ. ಚಿಕ್ಕದು ಧಾರಾವಾಹಿಯ ಜನಕ ಜೀನ್ ರಾಡನ್‌ಬೆರಿಯ ಹತ್ತಿರ, ಅವನ ಮೇಜಿನ ಮೇಲೆ ಇತ್ತು. 1979ರಲ್ಲಿ ತೆರೆಕಂಡ ಸ್ಟಾರ್ ಟ್ರೆಕ್ ಸಿನಿಮಾದ ತಯಾರಿ ನಡೀತಿದ್ದಾಗ ಆತ ಅದನ್ನು ಎರವಲು ಕೊಟ್ಟ. ವಾಪಸು ಬರಲಿಲ್ಲ. ಕಾಗದ ಬರೆದು ಕೇಳಿದ, ಆಗಲೂ ಬರಲಿಲ್ಲ. 1991ರಲ್ಲಿ ಆತ ತೀರಿಕೊಂಡ.

2023ರ ಕೊನೆಯಲ್ಲಿ ಅದು ಇ-ಬೇನಲ್ಲಿ ಕಾಣಿಸಿಕೊಂಡಿತು. ಆರಂಭದ ಬೆಲೆ 1,000 ಡಾಲರ್. ಹಾಕಿದವರಿಗೆ ಅದೇನು ಅಂತ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಆ ನೌಕೆಯ ಒಂದೊಂದು ಗೀರನ್ನೂ ಹಳೇ ಫೋಟೋಗಳಲ್ಲಿ ಕಂಠಪಾಠ ಮಾಡಿಕೊಂಡ ಜನ ಇದ್ದಾರಲ್ಲ, ಅವರಿಗೆ ಗೊತ್ತಾಗಿಹೋಯಿತು. ಗದ್ದಲ ಎದ್ದಿತು, ಲಿಸ್ಟಿಂಗ್ ಇಳಿಯಿತು, ಡಲ್ಲಾಸ್‌ನ ಹೆರಿಟೇಜ್ ಹರಾಜು ಸಂಸ್ಥೆ ಪರೀಕ್ಷೆ ಮಾಡಿಸಿತು, 2024ರ ಏಪ್ರಿಲ್‌ನಲ್ಲಿ ಆ ಮಾದರಿ ಜೀನ್‌ನ ಮಗ ರಾಡ್ ರಾಡನ್‌ಬೆರಿಯ ಕೈ ಸೇರಿತು. ತನ್ನ ಮನೆಯ ಶೆಲ್ಫಿಗಲ್ಲ, ಜನ ನೋಡೋ ಹಾಗೆ ಮ್ಯೂಸಿಯಮ್ಮಿನಲ್ಲಿ ಇಡಿಸ್ತೀನಿ ಅಂದ ಆತ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಲ್ಲಿಗೇ ಮುಗಿಯಲಿಲ್ಲ. ಅದನ್ನು ಕಸದ ಮಧ್ಯದಿಂದ ಎತ್ತಿದವರಿಗೂ ಹರಾಜು ಸಂಸ್ಥೆಗೂ ಮಾತು ಕೆಟ್ಟು, ತಮಗೆ ಸಲ್ಲಬೇಕಾದ್ದು ಸಲ್ಲಲಿಲ್ಲ ಅಂತ ಎತ್ತಿದವರು ಕೋರ್ಟಿಗೆ ಹೋದರು. ಯಾರದು ಸರಿ ಅಂತ ಹೇಳೋ ಕೆಲಸ ನ್ಯಾಯಾಲಯದ್ದು, ನನ್ನದಲ್ಲ. ನನಗೆ ಕಂಡದ್ದು ಇಷ್ಟು: ಎಲ್ಲರ ಕಣ್ಣೂ ಕಳಕೊಂಡವನ ಮೇಲೆ, ವಸ್ತುವಿನ ಮೇಲೆ. ಅದನ್ನು ಎತ್ತಿದವನ ಬೆವರಿಗೂ ಒಂದು ಲೆಕ್ಕ ಇದೆ, ಅದನ್ನು ಮೊದಲೇ, ಕಾಗದದ ಮೇಲೆ ಮಾತಾಡಿಕೊಳ್ಳದೆ ಹೋದರೆ ಒಳ್ಳೇ ಕೆಲಸವೂ ಜಗಳದಲ್ಲಿ ಮುಗಿಯುತ್ತೆ. ಇದಕ್ಕೆ ಆಮೇಲೆ ಬರ್ತೀನಿ.

ಈಗ ಕಾನೂನು. "ದುಡ್ಡು ಕೊಟ್ಟು ಹರಾಜಿನಲ್ಲಿ ಹಿಡಿದೆ, ರಸೀದಿ ಇದೆ" ಅಂತೀಯ. ಆ ಹರಾಜಿನಲ್ಲಿ ನೀನು ಕೊಂಡದ್ದು ಯೂನಿಟ್ಟಿನ ಬಾಡಿಗೆದಾರನಿಗೆ ಏನು ಹಕ್ಕಿತ್ತೋ ಅದನ್ನು. ಅವನಿಗೇ ಇಲ್ಲದ ಹಕ್ಕು ಅವನ ಸಾಮಾನಿನ ಜೊತೆ ನಿನಗೆ ಬರೋಲ್ಲ. ಭಾವ ಮೈಸೂರಿನಲ್ಲಿ ಸೈಟು ತೊಗೊಳ್ಳುವಾಗ ಮೂಲಪತ್ರ, ಇ.ಸಿ., ಖಾತೆ ಅಂತ ಎಷ್ಟು ಕಚೇರಿ ಅಲೆದಿದ್ದರು ಅಂತ ನಿಮ್ಮಮ್ಮನನ್ನು ಕೇಳು. ಮಾರೋನ ಮುಖ ಎಷ್ಟೇ ಒಳ್ಳೆಯದಿರಲಿ, ಮೂರು ಕೈ ಹಿಂದೆ ಯಾವನೋ ಅಣ್ಣತಮ್ಮಂದಿರ ಪಾಲು ಕೊಡದೆ ಮಾರಿದ್ದರೆ ಇವತ್ತಿನ ರಿಜಿಸ್ಟ್ರೇಶನ್ನೂ ಅಲ್ಲಾಡುತ್ತೆ. ಕೋಟಿಗೂ ಅದೇ ನ್ಯಾಯ. ಅಮೆರಿಕದ ಕಾನೂನಿನಲ್ಲಿ ಕಳ್ಳನಿಂದ ಯಾರಿಗೂ ಒಡೆತನ ದಾಟೋಲ್ಲ, ಎಷ್ಟು ಕೈ ಬದಲಾಗಲಿ.

ವರ್ಷಗಳಾದ ಮೇಲೆ ದಾವೆ ಬಿದ್ದುಹೋಗುತ್ತಲ್ಲ ಅಂತ ನೀನು ಕೇಳೇ ಕೇಳ್ತೀಯ. ನೀನಿರೋ ಕ್ಯಾಲಿಫೋರ್ನಿಯಾದಲ್ಲಿ ಇಂಥ ದಾವೆಗೆ ಗಡುವು ಮೂರು ವರ್ಷ, ನಿಜ. ಆದರೆ ಇತಿಹಾಸದ ದೃಷ್ಟಿಯಿಂದಲೋ ಕಲೆಯ ದೃಷ್ಟಿಯಿಂದಲೋ ಬೆಲೆಯುಳ್ಳ ವಸ್ತು ಕಳುವಾದರೆ, ಆ ಮೂರು ವರ್ಷ ಶುರುವಾಗೋದು ಕಳುವಾದ ದಿನದಿಂದಲ್ಲ, ಅದು ಎಲ್ಲಿದೆ ಅಂತ ಕಳಕೊಂಡವನಿಗೆ ತಿಳಿದ ದಿನದಿಂದ. ನಿನ್ನ ಕೋಟು ಆ ಲೆಕ್ಕಕ್ಕೆ ಬರುತ್ತೋ ಇಲ್ಲವೋ ವಕೀಲರು ವಾದಿಸಬಹುದು. ಬಂದರೆ, ನಲವತ್ತು ವರ್ಷ ಆಯ್ತು ಅಂತ ನೀನು ಎಣಿಸ್ತಿದ್ದೀಯಲ್ಲ, ಆ ಎಣಿಕೆ ನೀನು ಇ-ಬೇಗೆ ಫೋಟೋ ಹಾಕಿದ ದಿನದಿಂದ ಶುರುವಾಗಬಹುದು! ಇದೇ ಕೋಟು ಲಂಡನ್ನಿನಲ್ಲಿ ಸಿಕ್ಕಿದ್ದರೆ ಕಥೆ ಬೇರೆ. ಅಲ್ಲಿನ 1980ರ ಕಾಯಿದೆಯ ಪ್ರಕಾರ, ಏನೂ ಅರಿಯದೆ ಪ್ರಾಮಾಣಿಕವಾಗಿ ಕೊಂಡವನ ಕೈಯಲ್ಲಿ ಆರು ವರ್ಷ ಕಳೆದರೆ ಹಳೇ ಮಾಲೀಕನ ಹಕ್ಕೇ ಅಳಿಯುತ್ತೆ. ಒಂದೇ ವಸ್ತು, ಸಮುದ್ರ ದಾಟಿದರೆ ಒಡೆಯ ಬೇರೆ. ಅದಕ್ಕೇ ನಾನು ಇದನ್ನು ಬರೀ ಕಾನೂನಿನ ಪ್ರಶ್ನೆ ಅಂತ ನೋಡೋಲ್ಲ. ಲಾಸ್ ಏಂಜಲೀಸಿನಲ್ಲಿ ತಪ್ಪಾದದ್ದು ಲಂಡನ್ನಿನಲ್ಲಿ ಸರಿ ಅಂತ ನಿನ್ನ ಮನಸ್ಸಿಗೆ ನೀನು ಹೇಳಿಕೊಳ್ಳೋಕೆ ಆಗುತ್ತಾ?

ಇನ್ನೊಂದು ವಾದ ಇದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕೋಲ್ಲ. "ಯಾರೋ ಹೊತ್ತೊಯ್ದದ್ದರಿಂದಲೇ ಉಳೀತು, ಇಲ್ಲದಿದ್ದರೆ ಸ್ಟುಡಿಯೋದವರು ಕಸಕ್ಕೆ ಹಾಕಿರೋರು." ಟೀವಿಯ ಮಟ್ಟಿಗೆ ಇದರಲ್ಲಿ ಬಹಳ ಸತ್ಯ ಇದೆ. ಆ ಕಾಲದಲ್ಲಿ ಟೀವಿ ಅಂದರೆ ಇವತ್ತು ಬಂದು ನಾಳೆ ಮರೆಯೋದು. ಬಿಬಿಸಿಯನ್ನೇ ನೋಡು. ಎರಡು ಇಂಚು ಅಗಲದ ವಿಡಿಯೋ ಟೇಪು ಆಗ ಬಲು ದುಬಾರಿ, ನಟರ ಸಂಘದ ಒಪ್ಪಂದಗಳಿಂದ ಮರುಪ್ರಸಾರಕ್ಕೂ ಕಡಿವಾಣ. ಹಾಗಾಗಿ ಒಂದು ಸಲ ತೋರಿಸಿದ್ದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ತುಂಬೋರು. ಹೊರದೇಶಗಳಿಗೆ ಮಾರೋಕೆ ಮಾಡಿಕೊಂಡ 16 ಎಂಎಂ ಫಿಲ್ಮ್ ಪ್ರಿಂಟುಗಳೂ ಕರಾರು ಮುಗಿದ ಮೇಲೆ ಕಸಕ್ಕೆ. 1978ರ ಹೊತ್ತಿಗೆ ಈ ಪದ್ಧತಿ ನಿಂತಿತು. ಆ ವೇಳೆಗೆ ಹೋದದ್ದು ಹೋಗಿತ್ತು. ಅವರ ಡಾಕ್ಟರ್ ಹೂ ಧಾರಾವಾಹಿ ಒಂದರಲ್ಲೇ ಅರವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇವತ್ತಿಗೂ ಇಲ್ಲ.

ವಾಪಸು ಬಂದ ಕಂತುಗಳು ಬಂದದ್ದು ಹೇಗೆ? ಕೆಲವು ಕಸದ ರಾಶಿಯಿಂದ ಎತ್ತಿಕೊಂಡವರಿಂದ, ಕೆಲವು ಕೈಯಿಂದ ಕೈಗೆ ದಾಟಿದ ಡಬ್ಬಗಳಿಂದ. 1999ರಲ್ಲಿ ಒಂದು ಕಂತು ನ್ಯೂಜಿಲೆಂಡಿನ ಒಬ್ಬ ಸಂಗ್ರಾಹಕನ ಹತ್ತಿರ ಸಿಕ್ಕಿತು. 2011ರಲ್ಲಿ ಎರಡು ಕಂತು ನಿವೃತ್ತ ಟೀವಿ ಎಂಜಿನಿಯರ್ ಒಬ್ಬರ ಮನೆಯಲ್ಲಿ ಸಿಕ್ಕಿದವು, ಎಂಬತ್ತರ ದಶಕದಲ್ಲಿ ಯಾವುದೋ ಶಾಲೆಯ ಜಾತ್ರೆಯಂಥ ಮಾರಾಟದಲ್ಲಿ ಕೊಂಡದ್ದಂತೆ, ಅದರ ಮಹತ್ವ ಅವರಿಗೇ ತಿಳಿದಿರಲಿಲ್ಲ. ಇಂಥವರನ್ನು ಕಳ್ಳರು ಅನ್ನೋಕೆ ನನಗೆ ನಾಲಿಗೆ ಏಳೋಲ್ಲ. ಮಾಲೀಕನೇ ತಿಪ್ಪೆಗೆ ಎಸೆದದ್ದನ್ನು ಎತ್ತಿಕೊಂಡವನು ಬೇರೆ. ನಂಬಿ ಎರವಲು ಕೊಟ್ಟದ್ದನ್ನು ನುಂಗಿದವನು ಬೇರೆ.

ಆದರೆ ಅದೇ ಡಾಕ್ಟರ್ ಹೂ ಕಥೆಯಲ್ಲಿ ಇನ್ನೊಂದು ತುಂಡಿದೆ. 2013ರಲ್ಲಿ ಫಿಲಿಪ್ ಮಾರಿಸ್ ಅನ್ನೋ ಹುಡುಕಾಟಗಾರ ನೈಜೀರಿಯಾದ ಜಾಸ್ ಊರಿನ ಟೀವಿ ಕೇಂದ್ರದಲ್ಲಿ ಪತ್ತೆ ಮಾಡಿದ ಒಂಬತ್ತು ಕಂತುಗಳ ಸುದ್ದಿ ಹೊರಬಿತ್ತು. 'ವೆಬ್ ಆಫ್ ಫಿಯರ್' ಅನ್ನೋ ಆರು ಕಂತಿನ ಕಥೆ ಅದರಲ್ಲಿತ್ತು, ಮೂರನೇ ಕಂತು ಮಾತ್ರ ಇಲ್ಲ. ಆತ ಮೊದಲು ಡಬ್ಬಗಳನ್ನು ಕಂಡಾಗ ಅದೂ ಇತ್ತಂತೆ, ಸಾಗಿಸೋ ಹೊತ್ತಿಗೆ ಮಾಯ. ಯಾರೋ ಸಂಗ್ರಾಹಕನಿಗೆ ಮಾರಿಹೋಗಿದೆ ಅನ್ನೋದು ಆತನ ನಂಬಿಕೆ. ಈಗ ಯೋಚಿಸು. ಹಾಗೆ ಕೊಂಡವನು ಒಬ್ಬ ಇದ್ದರೆ, ಅವನು ಅದನ್ನು ಯಾರಿಗೆ ತೋರಿಸಬಲ್ಲ? ಪರದೆ ಎಳೆದು ಒಬ್ಬನೇ ಕೂತು ನೋಡಬೇಕು. ಮಾರೋಕೆ ಹೋದರೆ ಸಿಕ್ಕಿಬೀಳ್ತಾನೆ, ಸುಮ್ಮನೆ ಇಟ್ಟರೆ ಫಿಲ್ಮು ಹುಳಿವಾಸನೆ ಹೊಡೆದು ಸುರುಟಿಕೊಳ್ಳುತ್ತೆ. ಇದನ್ನು ಉಳಿಸಿದ್ದು ಅಂತ ಕರೀತೀಯಾ? ಕಸದಿಂದ ಎತ್ತಿದವನು ಊರಿಗೆ ತೋರಿಸಿದ, ಈತ ಊರಿಂದ ಕಿತ್ತುಕೊಂಡ.

ಹಾಗಾಗಿ ನಿನ್ನ ಕೋಟಿನ ಬಗ್ಗೆ ನೀನು ಕೇಳಬೇಕಾದ್ದು: ಇದು ಕೊಟ್ಟದ್ದೋ, ಮಾರಿದ್ದೋ, ಎಸೆದದ್ದೋ, ಎತ್ತಿಕೊಂಡದ್ದೋ? ಕೊಟ್ಟದ್ದಕ್ಕೆ ನೇರ ದಾರಿ ಇರುತ್ತೆ. 'ಆಲ್ ಇನ್ ದ ಫ್ಯಾಮಿಲಿ' ಧಾರಾವಾಹಿಯ ಆರ್ಚಿ ಬಂಕರ್ ಕೂರ್ತಿದ್ದ ಕುರ್ಚಿ ನೋಡು. ಹಳೇ ಸಾಮಾನಿನಂಗಡಿಯಿಂದ ನಾಲ್ಕು ಕಾಸಿಗೆ ತಂದದ್ದು. 1978ರಲ್ಲಿ ಅದನ್ನೂ ಹೆಂಡತಿ ಈಡಿತ್‌ಳ ಕುರ್ಚಿಯನ್ನೂ ಸ್ಮಿತ್ಸೋನಿಯನ್‌ಗೆ ಕೊಟ್ಟರು. ಆಮೇಲೆ ಧಾರಾವಾಹಿ ಮುಂದುವರಿದಾಗ ಅದರ ನಕಲು ಮಾಡಿಸೋಕೆ ಅಸಲಿಗಿಂತ ಎಷ್ಟೋ ಪಟ್ಟು ಖರ್ಚಾಯಿತು ಅನ್ನೋದು ತಮಾಷೆಯ ವಿಷಯ. ಇನ್ನು 'ಮ್ಯಾಶ್' ಧಾರಾವಾಹಿಯಲ್ಲಿ ಹಾಕೈ ಪಾತ್ರ ಮಾಡಿದ ಅಲನ್ ಆಲ್ಡಾ ತಾನು ತೊಡ್ತಿದ್ದ ಬೂಟು, ಸೈನಿಕರ ಗುರುತುಬಿಲ್ಲೆಗಳನ್ನು ಇಷ್ಟು ವರ್ಷ ತನ್ನ ಹತ್ತಿರವೇ ಇಟ್ಟುಕೊಂಡಿದ್ದ. 2023ರಲ್ಲಿ ಹರಾಜಿಗಿಟ್ಟಾಗ 1,25,000 ಡಾಲರ್ ಬಂತು, ಅದು ವಿಜ್ಞಾನಿಗಳಿಗೆ ಜನರ ಜೊತೆ ಮಾತಾಡೋದನ್ನು ಕಲಿಸೋ ಆತನ ಕೇಂದ್ರಕ್ಕೆ ಹೋಯಿತು. ಆ ಬಿಲ್ಲೆಗಳ ಮೇಲಿದ್ದದ್ದು ಪಾತ್ರದ ಹೆಸರಲ್ಲ, ಇಬ್ಬರು ನಿಜವಾದ ಸೈನಿಕರ ಹೆಸರು. ಆತ ಎಲ್ಲರೆದುರು ತನ್ನ ಹೆಸರಿನಲ್ಲೇ, ಎಲ್ಲಿಂದ ಬಂತು ಅಂತ ಹೇಳಿ ಮಾರಿದ. ಅಷ್ಟು ಬಾಯಿಬಿಟ್ಟು ಹೇಳೋಕೆ ಆಗೋ ಹಾಗಿದ್ದರೆ ನೀನೂ ಧಾರಾಳವಾಗಿ ಮಾರು.

ಬೆಲೆ ನಿನ್ನ ತಲೆ ಕೆಡಿಸಿದೆ ಅಂತ ಗೊತ್ತು. ಅದೇ 2023ರಲ್ಲಿ 'ಚಿಯರ್ಸ್' ಧಾರಾವಾಹಿಯ ಬಾರ್ ಕೌಂಟರ್ 6,75,000 ಡಾಲರಿಗೆ ಹೋಯಿತು, ನೀನೇ ನನಗೆ ಲಿಂಕ್ ಕಳಿಸಿದ್ದೆ. ಹೌದಪ್ಪ, ಹೋಯಿತು. ಅದು ದಶಕಗಳ ಕಾಲ ಟೀವಿ ಸಾಮಾನು ಕೂಡಿಸಿದವರ ಹೆಸರಾಂತ ಸಂಗ್ರಹದಿಂದ ಬಂದದ್ದು, ಆ ಹೆಸರೂ ಬೆಲೆಯ ಒಂದು ಭಾಗ. ಎಲ್ಲಿಂದ ಬಂತು ಅಂತ ಹೇಳೋಕಾಗದ ಕೋಟಿಗೆ ದೊಡ್ಡ ಹರಾಜು ಸಂಸ್ಥೆಗಳು ಕೈ ಹಾಕೋಕೆ ಹಿಂದೆಮುಂದೆ ನೋಡ್ತಾರೆ. ಉಳಿಯೋದು ಕಂಡೂ ಕಾಣದ ಹಾಗೆ ಕೊಳ್ಳೋ ಗಿರಾಕಿ. ಅವನಿಗೆ ನೀನು ಮಾರೋದು ಕೋಟಿನ ಜೊತೆ ಒಂದು ದಾವೆಯನ್ನೂ. ಅವನ ಮಕ್ಕಳು ಮುಂದೊಂದು ದಿನ ಅದನ್ನು ಮಾರೋಕೆ ಹೋದಾಗ ಈ ಚೀಟಿಯೇ ಅವರ ಕುತ್ತಿಗೆಗೆ ಬರುತ್ತೆ.

"ಅಷ್ಟು ದೊಡ್ಡ ಕಂಪನಿಗೆ ಒಂದು ಕೋಟು ಯಾವ ಲೆಕ್ಕ" ಅನ್ನೋ ಮಾತಿಗೆ ಒಂದೇ ಸಾಲು: ಆ ಕೋಟು ವಾಪಸು ಬಾರದಿದ್ದಾಗ ಬೈಸಿಕೊಂಡದ್ದು ಕಂಪನಿ ಅಲ್ಲ, ನಂಬರು ಬರೆದುಕೊಂಡು ಬಟ್ಟೆ ಎಣಿಸ್ತಿದ್ದ ಯಾವುದೋ ಸಂಬಳದ ಆಳಿರಬಹುದು.

ಈಗ ಏನು ಮಾಡಬೇಕು ಅಂತ ಕೇಳು. ಮೊದಲು ಲಿಸ್ಟಿಂಗ್ ತೆಗಿ, ಇವತ್ತೇ. ಚೀಟಿ ಬಿಡಿಸಿ, ನಂಬರು ಪೂರ್ತಿ ಕಾಣೋ ಹಾಗೆ ಫೋಟೋ ತೆಗಿ. ಹೊಲಿಗೆ ಬಿಚ್ಚಬೇಡ, ಇಸ್ತ್ರಿ ಹಾಕಬೇಡ, ಡ್ರೈಕ್ಲೀನಿಂಗಿಗೆ ಕೊಡಬೇಡ. ಯೂನಿಟ್ಟಿನಲ್ಲಿ ಸಿಕ್ಕ ಕಾಗದಪತ್ರಗಳನ್ನು ಕಸಕ್ಕೆ ಹಾಕಿಬಿಟ್ಟಿಲ್ಲ ತಾನೇ? ಹಳೇ ಪೇ ಸ್ಲಿಪ್ಪು, ಯೂನಿಯನ್ ಕಾರ್ಡು, ಶೂಟಿಂಗ್ ದಿನದ ಕಾಲ್ ಶೀಟು ಏನಾದರೂ ಇದ್ದರೆ, ಆ ಬಾಡಿಗೆದಾರ ಯಾರು, ಕೋಟು ಅವನ ಕೈಗೆ ಹೇಗೆ ಬಂತು ಅನ್ನೋ ಸುಳಿವು ಅಲ್ಲೇ ಸಿಗುತ್ತೆ. ಅವನು ಅದೇ ಧಾರಾವಾಹಿಯಲ್ಲಿ ಕೆಲಸ ಮಾಡಿ, ಕೊನೆಯ ದಿನ ಯಾರೋ ಖುಷಿಯಿಂದ "ಇಟ್ಟುಕೋ" ಅಂದಿದ್ದರೂ ಅಂದಿರಬಹುದು. ಅಂಥದ್ದು ನಡೆಯುತ್ತಿತ್ತು. ಅಂದಹಾಗೆ ಆ ಕಾಗದಗಳು ಅವನ ಮನೆಯವರಿಗೂ ಬೇಕಾಗಬಹುದು, ಹುಡುಕಿ ಕೊಡು.

ಆಮೇಲೆ ಚೀಟಿಯಲ್ಲಿರೋ ಮಳಿಗೆಗೆ ಬರಿ. ಹೇಗೆ ಸಿಕ್ಕಿತು, ನಂಬರು ಏನು, ಇದು ನಿಮ್ಮ ದಾಖಲೆಯಲ್ಲಿ ಮಾರಿದ್ದು ಅಂತಿದೆಯಾ, ಬಾಕಿ ಅಂತಿದೆಯಾ ಅಂತ ಮೂರು ಸಾಲು ಸಾಕು. ಮಾರಿದ್ದು ಅಂತ ಅವರು ಬರೆದುಕೊಟ್ಟರೆ ಆ ಕಾಗದವೇ ನಿನ್ನ ಕೋಟಿನ ಬೆಲೆಯನ್ನು ಏರಿಸುತ್ತೆ. ದಾಖಲೆಯೇ ಇಲ್ಲ, ನಮಗೆ ಬೇಡ ಅಂದರೂ ಅದನ್ನೂ ಬರವಣಿಗೆಯಲ್ಲಿ ಇಸಕೋ. ನಮ್ಮದು, ಬೇಕು ಅಂದರೆ ಕೊಡು. ಇದಕ್ಕೆಲ್ಲ ಮುಂಚೆ ಒಬ್ಬ ವಕೀಲರ ಹತ್ತಿರ ಅರ್ಧ ಗಂಟೆ ಕೂತು ಬಾ, ಬಿಟ್ಟಿ ಸಲಹೆಗೆ ನಾನಿದ್ದೀನಿ, ಆದರೆ ನಾನು ವಕೀಲ ಅಲ್ಲ.

ಕೊಡುವಾಗ ಖರ್ಚು ಕೇಳೋದರಲ್ಲಿ ಸಂಕೋಚ ಬೇಡ. ಯೂನಿಟ್ ಹಿಡಿದ ದುಡ್ಡಿನಲ್ಲಿ ಒಂದು ಪಾಲು, ಸಾಗಾಣಿಕೆ, ಕೋಟು ಜೋಪಾನ ಮಾಡಿದ ಖರ್ಚು, ಇದಕ್ಕೆಲ್ಲ ರಸೀದಿ ಇಟ್ಟುಕೋ. ಅವರು ಅದನ್ನು ಮ್ಯೂಸಿಯಮ್ಮಿಗೆ ಕೊಟ್ಟರೆ ಪತ್ತೆ ಮಾಡಿದವನು ಅಂತ ನಿನ್ನ ಹೆಸರು ಹಾಕಿ ಅಂತ ಕೇಳು, ಅದು ನ್ಯಾಯ. ಆದರೆ ಕೇಳೋ ರೀತಿ ನೋಡಿಕೋ. 'ವಿಜರ್ಡ್ ಆಫ್ ಆಜ್' ಸಿನಿಮಾದ ಕೆಂಪು ಚಪ್ಪಲಿಗಳು 2005ರಲ್ಲಿ ಮಿನೆಸೋಟಾದ ಮ್ಯೂಸಿಯಮ್ಮಿನಿಂದ ಕಳುವಾದವು. ಕದ್ದವನು ಅವುಗಳಲ್ಲಿದ್ದದ್ದು ಅಸಲಿ ಮಾಣಿಕ್ಯ ಅಂದುಕೊಂಡಿದ್ದ, ಬರೀ ಗಾಜು. ವಿಮೆ ಕಂಪನಿ ಮಾಲೀಕನಿಗೆ 8,00,000 ಡಾಲರ್ ಕೊಟ್ಟಿತ್ತು, ಹಾಗಾಗಿ ಅದಕ್ಕೂ ಆ ಚಪ್ಪಲಿಯ ಮೇಲೆ ಹಕ್ಕು ಬಂದಿತ್ತು. 2017ರಲ್ಲಿ ಒಬ್ಬ ಆ ವಿಮೆ ಕಂಪನಿಗೆ, ಚಪ್ಪಲಿ ವಾಪಸು ಬರೋ ದಾರಿ ನನಗೆ ಗೊತ್ತು ಅಂತ ಹೇಳಿಕೊಂಡು ಹೋದ. ಮಾತು ಮುಂದುವರಿದಂತೆ ಅದು ನೆರವಲ್ಲ, ವಸೂಲಿ ಅಂತ ಪೊಲೀಸರಿಗೆ ಅನ್ನಿಸಿತು, ಎಫ್‌ಬಿಐ ಬಂತು, 2018ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಬಲೆ ಬೀಸಿ ಚಪ್ಪಲಿ ವಶಕ್ಕೆ ತೊಗೊಂಡರು. 2024ರ ಡಿಸೆಂಬರಿನಲ್ಲಿ ಅದು ಮಾಲೀಕನ ಹೆಸರಿನಲ್ಲೇ ಹರಾಜಾಗಿ, ಕಮಿಷನ್ ಸೇರಿ 3 ಕೋಟಿ 25 ಲಕ್ಷ ಡಾಲರ್ ತಂದಿತು.

"ಇಷ್ಟು ಖರ್ಚಾಗಿದೆ, ಕೊಡ್ತೀರಾ?" ಅಂತ ಕೇಳೋದಕ್ಕೂ "ಇಷ್ಟು ಕೊಟ್ಟರೆ ಕೋಟು ಸಿಗುತ್ತೆ" ಅನ್ನೋದಕ್ಕೂ ನಡುವಿನ ಗೆರೆ ಬಲು ಸಣ್ಣದು. ಆದ್ದರಿಂದ ಕಾಗದ ಕಳಿಸೋ ಮುಂಚೆ ಕರಡು ನನಗೆ ಕಳಿಸು, ದುಡ್ಡಿನ ಸಾಲು ಯಾವ ಜಾಗದಲ್ಲಿ ಬರಬೇಕು ಅಂತ ಇಬ್ಬರೂ ಕೂತು ನೋಡೋಣ. ಮೊದಲ ಕಾಗದದಲ್ಲಂತೂ ಅದು ಬೇಡ.

ನಿನ್ನ ಮಾವ